ಪಕ್ಕದ ಮನೆಯ ಷೆರಿಫರ ಸೊಂಟಪಟ್ಟಿ

ಆಯುಧಪೂಜೆಯ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ತಿಕ್ಕುತ್ತಿದ್ದಾಗ ಪಕ್ಕದ ಮನೆಯ ಜೀನ್ ಫೋನ್ ಮಾಡಿದರು. ಅವರ ಗಂಡ ವಾಲ್ಟ್‌ಗೆ ಇವತ್ತು ಸೊಂಟದ ಕೀಲಿನ ಆಪರೇಷನ್. ಆಸ್ಪತ್ರೆಗೆ ಹೊರಡುವ ಹೊತ್ತಾಗಿದೆ, ಆದರೆ ವಾಲ್ಟ್ ಕಾರು ಹತ್ತಲು ಒಪ್ಪುತ್ತಿಲ್ಲ. "ನೀನು ಹೇಳಿದರೆ ಕೇಳ್ತಾನೆ ಸುಮಾ, ಸ್ವಲ್ಪ ಬಾ" ಎಂದರು. ಸಿಡ್ನಿಯ ಈ ಇಡೀ ಕೆಲ್ಲಿವಿಲ್ ಬಡಾವಣೆಯಲ್ಲಿ ನನ್ನ ಮಾತು ಕೇಳುವ ಗಂಡಸು ಒಬ್ಬರಾದರೂ ಇದ್ದಾರಲ್ಲ, ದೇವರು ದೊಡ್ಡವನು ಎಂದುಕೊಂಡು ಕೈ ತೊಳೆದು ಹೊರಟೆ.

ವಾಲ್ಟ್ ಅಮೆರಿಕದ ಯಾವುದೋ ಸಣ್ಣ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅಲ್ಲಿನ ಪೊಲೀಸ್ ಮುಖ್ಯಸ್ಥ ಷೆರಿಫರ ಕೈಕೆಳಗೆ ಡೆಪ್ಯುಟಿಯಾಗಿದ್ದವರು. ನಮ್ಮ ಮಕ್ಕಳ ಬಾಯಲ್ಲಿ ಬಡ್ತಿ ಪಡೆದು ಷೆರಿಫ್ ಅಂಕಲ್ ಆದರು. ನಿವೃತ್ತಿಯ ಮೇಲೆ ಹೆಂಡತಿಯ ಊರೆಂದು ಸಿಡ್ನಿಗೆ ಬಂದಾಗ ರಿವಾಲ್ವರ್ ಅಲ್ಲೇ ಉಳಿಯಿತು, ಸೊಂಟಪಟ್ಟಿ ಮಾತ್ರ ಜೊತೆಗೆ ಬಂತು. ಅಂಗೈಯಗಲದ ಕಪ್ಪು ಚರ್ಮ; ಅದರಲ್ಲಿ ಖಾಲಿ ಬಂದೂಕಿನ ಚೀಲ, ಕೈಕೋಳದ ಚೀಲ, ಮರದ ಲಾಠಿ ಸಿಕ್ಕಿಸುವ ಬಳೆ, ಮೊಳದುದ್ದದ ಟಾರ್ಚು. ಇಷ್ಟನ್ನು ಕಟ್ಟಿಕೊಂಡು ಮೂವತ್ತು ವರ್ಷ ಓಡಾಡಿದರೆ ಕೀಲು ಸವೆಯದೆ ಇನ್ನೇನು! ಬಿಂದಿಗೆ ಹೊತ್ತ ನಮ್ಮಜ್ಜಿಯ ಸೊಂಟವೂ ಹೀಗೇ ಒಂದು ಕಡೆಗೆ ವಾಲಿತ್ತು.

ನಮ್ಮ ಸ್ನೇಹ ಬೆಳೆದದ್ದು ಕಿಲುಬಿನಿಂದ. ಆ ಕಾಲದಲ್ಲಿ ಹೆಚ್ಚುವರಿ ಗುಂಡುಗಳನ್ನು ಪಟ್ಟಿಯ ಕುಣಿಕೆಗಳಲ್ಲೇ ಸಿಕ್ಕಿಸಿಡುತ್ತಿದ್ದರಂತೆ. ಗುಂಡಿನ ಕವಚ ಹಿತ್ತಾಳೆಯದು. ಚರ್ಮ ತಾಗಿ ಹಸಿರು ಕಿಲುಬು ಕಟ್ಟುತ್ತಿತ್ತು, ಒರೆಸದಿದ್ದರೆ ರಿವಾಲ್ವರಿನಲ್ಲಿ ಸಿಕ್ಕಿಕೊಳ್ಳುವ ಭಯ. ಸಿನಿಮಾದವರು ಇದನ್ನು ತೋರಿಸುವುದಿಲ್ಲ, ಅವರಿಗೆ ಕುದುರೆ, ಧೂಳು, ಢಮಾರ್ ಎನ್ನುವ ಸದ್ದು ಸಾಕು. ವಾಲ್ಟ್ ಮನುಷ್ಯರ ಮೇಲೆ ಒಮ್ಮೆಯೂ ಗುಂಡು ಹಾರಿಸಿದವರಲ್ಲ. ಹೆಚ್ಚು ಉಪಯೋಗಿಸಿದ್ದು ಟಾರ್ಚು, ಅದೂ ತಪ್ಪಿಸಿಕೊಂಡ ದನ ಹುಡುಕಲು. ಒಟ್ಟಿನಲ್ಲಿ ಅವರೂ ನನ್ನ ಹಾಗೆ ಹಿತ್ತಾಳೆ ತಿಕ್ಕಿಯೇ ಆಯುಷ್ಯ ಕಳೆದವರು.

ಹೋಗಿ ನೋಡಿದರೆ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ಉಂಗುರ ತೆಗಿ ಅಂದ್ರು, ವಾಚು ತೆಗಿ ಅಂದ್ರು, ಕಿವಿಯ ಮೆಷಿನ್ನೂ ತೆಗೀಬೇಕಂತೆ. ಬೆನ್ನು ಮುಚ್ಚದ ಗೌನು ಬೇರೆ. ಸೊಂಟಕ್ಕೆ ಏನೂ ಇಲ್ಲದೆ ನಾನು ಡ್ಯೂಟಿಗೆ ಹೊಸ್ತಿಲು ದಾಟಿದವನಲ್ಲ."

ಅವರಿಗೆ ಬರಿಗೈಯ ಭಯ ಹಿಡಿದಿತ್ತು.

"ಅಂಕಲ್, ಇವತ್ತು ನಮ್ಮಲ್ಲಿ ಆಯುಧಗಳಿಗೆ ರಜೆ. ನನ್ನ ಚಾಕು, ಮಿಕ್ಸಿ, ನಮ್ಮೆಜಮಾನ್ರ ಲ್ಯಾಪ್‌ಟಾಪ್ ಎಲ್ಲಾ ದೇವರ ಮುಂದೆ ಕೂತಿವೆ. ಇವತ್ತು ಮನೆಗೆ ಮನೆಯೇ ಬರಿಗೈ. ನಿಮ್ಮದನ್ನೂ ತಂದಿಡಿ, ಕಾಯೋ ಕೆಲಸ ದೇವರು ನೋಡ್ಕೋತಾನೆ."

"ನಿನ್ನ ದೇವರ ಹತ್ತಿರ ಏನೇನಿದೆ?" ಪೊಲೀಸ್ ವಿಚಾರಣೆ ಶುರುವಾಯಿತು.

"ನಮ್ಮ ಅಮ್ಮನವರಿಗೆ ಎಂಟು ಕೈ. ಒಂದೊಂದರಲ್ಲೂ ಒಂದೊಂದು ಆಯುಧ."

"ಬೆಲ್ಟು?"

"ಇಲ್ಲ. ಎಲ್ಲಾ ಕೈಯಲ್ಲೇ."

"ಜಾಣೆ. ಸೊಂಟ ಉಳಿಸಿಕೊಂಡಿದ್ದಾಳೆ!" ಎಂದು ನಕ್ಕು, ಕೋಲು ಹಿಡಿದು ಎದ್ದರು.

ನಮ್ಮನೆಯಲ್ಲಿ ಧಾರವಾಡದಿಂದ ಬಂದ ಅತ್ತೆ ಬಾಗಿಲಿಗೇ ತಡೆದರು. "ತೊಗಲಿನ ಪಟ್ಟಾ ದೇವರ ಮುಂದ ಇಡ್ತೀಯೇನವಾ?"

"ಮೃದಂಗಕ್ಕೆ ಹೊದಿಸಿದ್ದೇನು ಅತ್ತೆ? ಶಿವ ಕೂತಿರೋದು ಯಾವುದರ ಮೇಲೆ?"

ಅತ್ತೆ ವಾದದಲ್ಲಿ ಸೋಲುವವರಲ್ಲ. ಸೋಲು ಕಂಡರೆ ನಮಗೆ ಕೆಲಸ ಹಚ್ಚುತ್ತಾರೆ. "ಸುಮ್ನ ಏನ್ ನಿಂತಿ? ಕುಂಕುಮ ತಾ" ಎಂದವರೇ ಬಕಲ್ಲಿಗೆ ತಾವೇ ಬೊಟ್ಟಿಟ್ಟರು. ಆಮೇಲೆ ವಾಲ್ಟರನ್ನು ಮೇಲಿಂದ ಕೆಳಗೆ ನೋಡಿ, "ಆದ್ರ ಆಯುಧಪೂಜಿ ದಿನಾ ಆ ಡಾಕ್ಟರ ಚಾಕು ಹಿಡಿಯೋದು ಸರಿಯೇನು?" ಎಂದರು. ಏನೆಂದರು ಎಂದು ವಾಲ್ಟ್ ಕೇಳಿದರು. ಒಳ್ಳೆಯದಾಗಲಿ ಅಂದ್ರು ಎಂದೆ. ಹಬ್ಬದ ದಿನದ ಸುಳ್ಳು, ದೇವರು ಲೆಕ್ಕಕ್ಕಿಡಲಾರ. ಅವರು ಪಟ್ಟಿಯನ್ನೊಮ್ಮೆ ಸವರಿ ಕಾರು ಹತ್ತಿದರು.

ಸಂಜೆ ಜೀನ್ ಫೋನ್ ಮಾಡಿದರು. ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದೊಡನೆ ವಾಲ್ಟ್ ಮಾಡಿದ ಮೊದಲ ಕೆಲಸ ನರ್ಸಿನ ಜೇಬು ವಿಚಾರಿಸಿದ್ದು. ಕತ್ತರಿ, ಪುಟ್ಟ ಟಾರ್ಚು, ಅಂಟುಪಟ್ಟಿ, ಎರಡು ಪೆನ್ನು. "ಸಾಕು, ಹುಡುಗಿ ಸಜ್ಜಾಗಿದ್ದಾಳೆ" ಎಂದು ತೀರ್ಪು ಕೊಟ್ಟು ಮತ್ತೆ ನಿದ್ದೆ ಹೋದರಂತೆ. ಮೂವತ್ತು ವರ್ಷ ಊರು ಕಾದ ಮನುಷ್ಯ ಇನ್ನೊಬ್ಬರ ಕಾವಲಿನಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನನ್ನ ಮಟ್ಟಿಗೆ ಭಕ್ತಿಯೆಂದರೆ ಇಷ್ಟೇ.

ಚಾಕು ಇನ್ನೂ ಪೂಜೆಯಲ್ಲಿತ್ತು. ರಾತ್ರಿಯ ಹುಳಿಗೆ ಬೀನ್ಸನ್ನು ಕೈಯಲ್ಲೇ ಮುರಿಯುತ್ತ ಕೂತೆ.