ಪೇಟೆ ಬೀದಿಯ ಪೆಟ್ರೋಲ್ ಬಂಕೂ ಬಿಂಡಿಗನವಿಲೆಯ ಮೇಸ್ತ್ರಿಯೂ

ನಾಗಮಂಗಲದ ಹಳೇ ಪೇಟೆ ಬೀದಿಯಲ್ಲಿ ನನ್ನದೊಂದು ಪೆಟ್ರೋಲ್ ಬಂಕಿದೆ. ಬೀದಿ ಕಡೆಯಿಂದ ಬಂದವರಿಗೆ ಅದು ಬಂಕು ಎಂದು ಗೊತ್ತಾಗುವುದಿಲ್ಲ. ಹೆಂಚಿನ ಮನೆ, ಮುಂದೆ ಉದ್ದದ ಜಗಲಿ, ನಾಲ್ಕು ಮರದ ಕಂಬ, ಪಕ್ಕದಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ದಾರಿ. ಆ ದಾರಿ ಹಿಡಿದು ಹೋದರೆ ಹಿಂದೆ ಹೊಸ ರಸ್ತೆ. ಪಂಪು, ಲಾರಿ, ದೊಡ್ಡ ಬೋರ್ಡು ಎಲ್ಲ ಅಲ್ಲಿ. ಹೊರಗಿನಿಂದ ಬಂದವರು ಯಾವ ಎಂಜಿನಿಯರು ಮಾಡಿದ್ದು ಎಂದು ಕೇಳುತ್ತಾರೆ. ಚಿಕ್ಕಸಿದ್ದಯ್ಯ ಎಂದರೆ, ಅವರೆಲ್ಲಿ ಓದಿದವರು ಎನ್ನುತ್ತಾರೆ. ಅವನು ಎಲ್ಲೂ ಓದಿದವನಲ್ಲ.

ಬಿಂಡಿಗನವಿಲೆಯವನು. ಹದಿನಾಲ್ಕು ವರ್ಷದವರೆಗೆ ಕುರಿ ಕಾದ. ಆಮೇಲೆ ಸೋದರಮಾವನ ಕೈಕೆಳಗೆ ಗಾರೆ ಕಲಸಲು ನಿಂತ. ಮಣ್ಣಿನ ಗೋಡೆ, ಹೆಂಚಿನ ಸೂರು, ಕಲ್ಲಿನ ಕಾಂಪೌಂಡು ಕಟ್ಟಿಕೊಂಡು ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಮನೆಗಳವರೆಗೂ ಓಡಾಡಿದ. ಓಡಾಡಿದ ಎಂದರೆ ಬಸ್ಸು, ಬಸ್ಸಿಲ್ಲದ ಕಡೆ ಕಾಲು. ಸೈಕಲ್ಲು ಕೂಡ ಕಲಿತವನಲ್ಲ. ಅವನ ಗೋಣಿಚೀಲದಲ್ಲಿ ತೂಕದ ಗುಂಡು, ನೂಲು, ಕರಣೆ, ಇವುಗಳ ಜೊತೆ ತಳಕ್ಕೆ ಮೊಳೆಯಿಂದ ತೂತು ಹೊಡೆದ ಒಂದು ಹಾಲಿನಪುಡಿ ಡಬ್ಬಿ ಇರುತ್ತಿತ್ತು. ಆ ಡಬ್ಬಿಗೆ ಸುಣ್ಣದ ಪುಡಿ ತುಂಬಿ, ಕಟ್ಟಬೇಕಾದ ಗೋಡೆಯನ್ನು ಕಟ್ಟಬೇಕಾದ ಜಾಗದಲ್ಲೇ ನೆಲದ ಮೇಲೆ ಎಳೆಯುತ್ತಿದ್ದ. ಎಲ್ಲ ಮೇಸ್ತ್ರಿಗಳೂ ಎಳೆಯುತ್ತಾರೆ. ಎಳೆದ ತಕ್ಷಣ ಪಾಯ ತೋಡುತ್ತಾರೆ. ಇವನು ತೋಡುತ್ತಿರಲಿಲ್ಲ. ಒಂದು ಸಂತೆಯ ದಿನ ಕಳೆಯುವವರೆಗೆ ಸುಮ್ಮನೆ ಬಿಡುತ್ತಿದ್ದ. ಮಾರನೆಯ ಬೆಳಿಗ್ಗೆ ಬಂದು, ಗೆರೆ ಎಲ್ಲೆಲ್ಲಿ ಅಳಿಸಿದೆ ಎಂದು ನೋಡುತ್ತಿದ್ದ. ಜನರ ಕಾಲು ಅಳಿಸಿದ ಕಡೆ ಗೋಡೆ ಕಟ್ಟುತ್ತಿರಲಿಲ್ಲ.

ಈ ಪದ್ಧತಿ ಅವನಿಗೆ ಬಂದಿದ್ದು ಕೆ.ಆರ್. ಪೇಟೆಯ ಒಂದು ಅಕ್ಕಿ ಗಿರಣಿಯಿಂದ. ಗಿರಣಿಯವರು ಕೊಟ್ಟ ಅಳತೆಗೆ ಕಾಂಪೌಂಡು ಕಟ್ಟಿದ. ಎಂಟು ದಿನಕ್ಕೆ ಯಾರೋ ಒಂದು ಕಡೆ ಕಲ್ಲು ಕಿತ್ತು ದಾರಿ ಮಾಡಿಕೊಂಡರು. ಮತ್ತೆ ಕಟ್ಟಿದ. ಮತ್ತೆ ಅಲ್ಲೇ ಕಿತ್ತರು. ಮೂರನೇ ಸಲ ಗಾಜಿನ ಚೂರು ನೆಟ್ಟು ಕಟ್ಟಿದ. ಗಾಜಿನ ಸಮೇತ ಕಿತ್ತರು. "ಕೂಲಿ ಮೂರ್ ಸಲ ಸಿಕ್ತು, ಮರ್ವಾದೆ ಒಂದ್ ಸಲಾನೂ ಸಿಗ್ನಿಲ್ಲ" ಎಂದು ಅವನೇ ಹೇಳುತ್ತಿದ್ದ.

ನನ್ನ ಜಾಗಕ್ಕೆ ಅವನು ಬಂದಿದ್ದು ತೊಂಬತ್ತನಾಲ್ಕರಲ್ಲಿ. ಮುಂದೆ ಪೇಟೆ ಬೀದಿಗೆ ನನ್ನಜ್ಜನ ಹೆಂಚಿನ ಮನೆ, ಹಿಂದೆ ಬಯಲು. ಆ ಬಯಲಿನಲ್ಲಿ ನಮ್ಮಪ್ಪ ಗಾಡಿ ಅಡ್ಡೆ ಇಟ್ಟಿದ್ದ. ಹಳ್ಳಿಯ ಗಾಡಿಗಳು ಅಲ್ಲಿ ನಿಂತರೆ, ಜನ ಇಳಿದು ಮನೆಯ ಪಕ್ಕದಿಂದ ಪೇಟೆಗೆ ನಡೆಯುತ್ತಿದ್ದರು. ಅಡ್ಡೆ ಹೋಗಿ ಬಹಳ ಕಾಲವಾಗಿತ್ತು. ಜನ ಮಾತ್ರ ನಡೆಯುತ್ತಲೇ ಇದ್ದರು.

ನನಗೆ ಬಂಕು ಮಂಜೂರಾಯಿತು. ಅದಕ್ಕೆ ಪಟ್ಟ ಪಾಡು ಬೇರೆ ಕತೆ. ಕಂಪನಿಯ ಎಂಜಿನಿಯರು ಜಾಗದ ಕಾಗದ ಮುಂದಿಟ್ಟುಕೊಂಡು ಊರಿಗೆ ಬಾರದೆಯೇ ನಕ್ಷೆ ಬರೆದಿದ್ದ. ಅಜ್ಜನ ಕಾಲದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಪೇಟೆ ಬೀದಿ, ಪಶ್ಚಿಮಕ್ಕೆ ರಾಗಿ ಹೊಲ ಎಂದಿತ್ತು. ಆ ಹೊಲ ಟಾರು ರಸ್ತೆಯಾಗಿ ಎಂಟು ವರ್ಷವಾಗಿತ್ತು. ಕಾಗದದಲ್ಲಿ ಮಾತ್ರ ರಾಗಿ ಬೆಳೆಯುತ್ತಲೇ ಇತ್ತು. ಹಾಗಾಗಿ ನಕ್ಷೆಯಲ್ಲಿ ಹೆಂಚಿನ ಮನೆ ಕೆಡವಿ, ಪೇಟೆ ಬೀದಿಗೆ ಮುಖ ಮಾಡಿ ಪಂಪು, ಎರಡು ಪಕ್ಕಕ್ಕೂ ಆಳೆತ್ತರದ ಗೋಡೆ.

ತಪ್ಪು ನನಗೆ ಗೊತ್ತಿತ್ತು. ಹೇಳಲಿಲ್ಲ. ಪೇಟೆಯವರು ನಮ್ಮಪ್ಪನನ್ನು ಗಾಡಿ ಅಡ್ಡೆಯವನು ಎಂದೇ ಕರೆದವರು, ತಮ್ಮ ಜಗಲಿ ಮೇಲೆ ಕೂರು ಎಂದವರಲ್ಲ. ಅವರ ಕಣ್ಣಮುಂದೆಯೇ ಬಂಕು ಎದ್ದು ನಿಲ್ಲಲಿ ಎಂದು ನನಗೆ ಹಟ. ಕಂಪನಿಯ ಕಾಗದ ಬಂತು: ಮೂವತ್ತನೇ ತಾರೀಖು ಎಂಜಿನಿಯರು ಬಂದು ಪಾಯದ ಗುರುತು ನೋಡಿ ಒಪ್ಪಬೇಕು, ಇಲ್ಲದಿದ್ದರೆ ಬಂಕು ಪಟ್ಟಿಯಲ್ಲಿ ಎರಡನೆಯ ಹೆಸರಿನವನಿಗೆ. ಕೈಯಲ್ಲಿ ಹದಿನಾರು ದಿನ ಇತ್ತು.

ಚಿಕ್ಕಸಿದ್ದಯ್ಯ ಬಂದ, ನಕ್ಷೆಯನ್ನು ನನ್ನಿಂದ ಓದಿಸಿಕೊಂಡ, ಡಬ್ಬಿ ಅಲುಗಾಡಿಸುತ್ತ ಗೆರೆ ಹಾಕಿದ. ಮನೆಯ ಬಡಗಣ ಪಕ್ಕದ ಖಾಲಿ ಜಾಗದಲ್ಲಿ, ಒಂದನೇ ಪಂಪು ಬರುವ ಕಡೆ ಸುಣ್ಣದ ಸುತ್ತು ಎಳೆದು, ಪಕ್ಕದ ಮನೆಯ ಯಶೋದಮ್ಮನವರನ್ನು ಕೇಳಿದ:

"ಅವ್ವ, ನಿಮ್ ಅಂಡೆ ಒಲೆ ಎಷ್ಟೊತ್ತು ಉರೀತದೆ?"

"ಏಳು ಜನ ನೀರುಯ್ಕಳೋವರ್ಗೂ ಉರೀತದೆ ಕಣಪ್ಪ. ಯಾಕೆ, ನಿಂಗೂ ಒಂದ್ ಚೆಂಬು ಬೇಕಾ?" ಎಂದರು ಯಶೋದಮ್ಮ.

ಅವನು ನಕ್ಕು ಗೆರೆ ಮುಂದುವರಿಸಿದ. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಸಂತೆ ಮುಗಿದ ಮಾರನೆಯ ಬೆಳಿಗ್ಗೆ ನಾನು ಹೋದಾಗ ಅವನು ಜಗಲಿ ಮೇಲೆ ಕೂತು ಬೀಡಿ ಸೇದುತ್ತಿದ್ದ. ತೆಂಕಣ ಗೋಡೆಯ ಗೆರೆ ಮುಕ್ಕಾಲು ಪಾಲು ಇರಲೇ ಇಲ್ಲ.

"ಗೌಡ್ರೇ, ನಿಮ್ ನಕ್ಸೇನ ಜನ ಅಳಿಸ್ಬುಟ್ಟವ್ರೆ."

"ಅಳಿಸುದ್ರೆ ತಿರ್ಗಾ ಆಕು. ನಿನ್ನ ಕರ್ಸಿರೋದು ಯಾತಕ್ಕೆ?"

"ಗೆರೆ ತಿರ್ಗಾ ಆಕ್ಬೋದು. ಗೋಡೆ ಅಳಿಸುದ್ರೆ?"

"ಯಾವನ್ಲಾ ಅಳಿಸೋನು? ಜಾಗ ನಂದು ಕಣಯ್ಯಾ!"

"ಜಾಗ ನಿಮ್ದೇ. ಕಾಲು ಅವ್ರ್ದು. ಪಂಪು ಇಂದುಕ್ಕೆ ತಳ್ಳಿ, ರಸ್ತೆಗೆ ಮುಖ ಮಾಡಿ. ಈ ಮನೆ ಇರ್ಲಿ, ಆಪೀಸಾಯ್ತದೆ. ಪಕ್ಕದಾಗೆ ದಾರಿ ಬುಡಿ."

ನನ್ನ ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡಿದ್ದನ್ನೇ ಅವನು ಬಾಯಿಬಿಟ್ಟು ಹೇಳಿದ್ದಕ್ಕೆ ಸಿಟ್ಟು ಬಂತು. ಎದುರಿಗಿದ್ದ ಡಬ್ಬಿಯನ್ನು ಒದ್ದೆ. ಅದು ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಚಿಕ್ಕಸಿದ್ದಯ್ಯ ಎದ್ದ, ಡಬ್ಬಿ ಎತ್ತಿದ, ನೀರು ಕೊಡವಿದ, ಚೀಲಕ್ಕೆ ಹಾಕಿಕೊಂಡ.

"ಡಬ್ಬಿ ಏನ್ಮಾಡಿತ್ತು ನಿಮ್ಗೆ?" ಎಂದಷ್ಟೇ ಕೇಳಿ ಬಸ್ಸಿಗೆ ಹೋದ.

ಬೇರೊಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವನು ನಕ್ಷೆಯಲ್ಲಿದ್ದ ಹಾಗೆ ತೆಂಕಣ ಗೋಡೆಗೆ ಮೊಣಕಾಲುದ್ದ ಪಾಯ ತೋಡಿಸಿದ. ಮುಂದಿನ ಸಂತೆ ಬಂತು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಜನ ಆ ಗುಂಡಿಯ ಮೇಲೆ ಎರಡು ಚಪ್ಪಡಿ ಎಳೆದು ಹಾಕಿಕೊಂಡು ದಾಟುತ್ತಿದ್ದರು. ನಾನು ಚಪ್ಪಡಿ ತೆಗೆಸಿದೆ. ಹತ್ತು ಗಂಟೆಗೆ ಮೊಟ್ಟೆ ಮಾರುವ ಮಂಚಮ್ಮ, ತಲೆಯ ಮೇಲಿನ ಕುಕ್ಕೆಯಿಂದ ಕೆಳಗೆ ಕಾಣದೆ, ಗುಂಡಿಗೆ ಕಾಲಿಟ್ಟು ಕುಸಿದಳು. ಪೆಟ್ಟೇನೂ ಆಗಲಿಲ್ಲ. ಮೈಮೇಲೆಲ್ಲ ಮೊಟ್ಟೆ ಲೋಳೆ. ಎತ್ತಲು ಹೋದವರ ಕೈ ಕೊಡವಿ, ಗುಂಡಿಯಲ್ಲೇ ಕೂತು ಬೈಯಲು ಶುರು ಮಾಡಿದಳು.

"ಯಾವನ್ಲಾ ದಾರೀಲಿ ಗುಂಡಿ ತೋಡ್ದೋನು? ಇವನಪ್ಪ ಇದ್ದಾಗ ಇಲ್ಲಿ ಎತ್ತೂ ಎಡವ್ತಿರ್ಲಿಲ್ಲ!"

"ನಾನೇ ಕಣವ್ವ, ಕೆಂಪಣ್ಣ. ಎದ್ದೇಳು ಮೇಲೆ."

"ನೀನೇ ಅಂತ ಗೊತ್ತು ಕಣ್ಲಾ. ಅದುಕ್ಕೇ ಬೈತಿರೋದು!"

ಸಂತೆಗೆ ಸಂತೆಯೇ ನಿಂತು ನಕ್ಕಿತು. ಹೊಸ ಮೇಸ್ತ್ರಿ ಮಧ್ಯಾಹ್ನದ ಊಟಕ್ಕೆ ಹೋದವನು ವಾಪಸ್ಸು ಬರಲಿಲ್ಲ. ಮೂವತ್ತನೇ ತಾರೀಖಿಗೆ ಎರಡು ದಿನ. ಎಂಜಿನಿಯರು ಬಂದಾಗ ಮೇಸ್ತ್ರಿಯಿಲ್ಲ, ಗುರುತಿಲ್ಲ, ಬೀದಿಯವರು ಬಾಯಿ ಮಾಡುತ್ತಾರೆ ಎಂದರೆ ಬಂಕು ಹೋದಂತೆಯೇ. ನಾನು ಬಿಂಡಿಗನವಿಲೆ ಬಸ್ಸು ಹತ್ತಿದೆ.

ಚಿಕ್ಕಸಿದ್ದಯ್ಯ ಕುರಿ ಹಟ್ಟಿಯ ಗೋಡೆಗೆ ಮಣ್ಣು ಮೆತ್ತುತ್ತಿದ್ದ. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಡನನ್ನು ಕೇಳಿದಳು.

"ಡಬ್ಬಿ ಒದ್ದೋರು ಇವ್ರೇನಾ?"

"ಊಂ."

"ಕಾಲು ನೆಟ್ಟಗೇ ಅದಲ್ಲ. ನಾನು ಉಳುಕಿರ್ಬೇಕು ಅಂದ್ಕಂಡಿದ್ದೆ" ಎಂದು ಮಜ್ಜಿಗೆ ತಂದುಕೊಟ್ಟಳು.

ನಾನು ತಪ್ಪಾಯಿತು ಎನ್ನಲಿಲ್ಲ. ನನಗೆ ಆ ಮಾತು ಬರುವುದಿಲ್ಲ. ಮಂಚಮ್ಮ ಬಿದ್ದದ್ದನ್ನು ಹೇಳಿದೆ. ಚಿಕ್ಕಸಿದ್ದಯ್ಯ ಕೈತೊಳೆದುಕೊಂಡು, ಎದುರು ದಿಣ್ಣೆಯ ಮೇಲೆ ಬೆಳ್ಳಗೆ ಕಾಣುತ್ತಿದ್ದ ಕುರಿ ದಾರಿಯನ್ನು ತೋರಿಸಿದ.

"ಸಣ್ಣೋನಾಗಿದ್ದಾಗ ನಾನು ಅದುಕ್ಕೆ ಮುಳ್ಳ್ ಆಕಿದ್ದೆ ಗೌಡ್ರೇ. ಕುರಿ ಕೆರೆಗೆ ಬ್ಯಾರೆ ಕಡೆಯಿಂದ ಓಗ್ಲಿ ಅಂತ. ಅವು ಮುಳ್ಳಿನ್ ಪಕ್ಕದಾಗೇ ಇನ್ನೊಂದ್ ದಾರಿ ಮಾಡ್ದೋ. ಬೈದ್ರೂ ಓಗ್ನಿಲ್ಲ, ಒಡುದ್ರೂ ಓಗ್ನಿಲ್ಲ."

"ಬತ್ತೀಯೋ ಇಲ್ವೋ ಅದ್ನೇಳು."

"ಮೊದ್ಲು ಗುಂಡಿ ಮುಚ್ಸಿ. ಎಂಜಿನಿಯರ್ಗೆ ಬೆಳಿಗ್ಗೆ ಏಳೂವರೆಗೆಲ್ಲ ಬರಾಕೇಳಿ. ಬತ್ತೀನಿ."

ಗುಂಡಿ ಮುಚ್ಚಿಸಿದೆ, ಎಂಜಿನಿಯರಿಗೆ ಫೋನು ಮಾಡಿಸಿದೆ. ಇಪ್ಪತ್ತೊಂಬತ್ತರ ಸಂಜೆ ಅವನು ಬಂದು ಗೆರೆ ಹಾಕಿದ. ನೋಡಿದರೆ ಕಂಪನಿಯ ನಕ್ಷೆಯೇ. ಪಂಪು ಮುಂದೆ, ಗೋಡೆ ಎರಡು ಪಕ್ಕಕ್ಕೆ, ಒಂದು ಗೇಣೂ ಆಚೀಚೆ ಇಲ್ಲ.

"ನಿಂದು ಆಕ್ನಿಲ್ವಾ?" ಎಂದೆ.

"ನಂದು ನಾಳೆ ಬೆಳಿಗ್ಗೆ ಜನ ಆಕ್ತಾರೆ."

ಎಂಜಿನಿಯರು ಮೈಸೂರಿನಿಂದ ಜೀಪಿನಲ್ಲಿ ಏಳೂವರೆಗೇ ಬಂದ. ರವೀಂದ್ರ ಎಂದು ಹೆಸರು, ಮೂವತ್ತರ ಒಳಗಿನವನು, ಒಳ್ಳೆಯ ಅಂಗಿ. ನಕ್ಷೆಯನ್ನು ಜಗಲಿ ಮೇಲೆ ಹರವಿ, ಗೆರೆಗೆ ಟೇಪು ಹಿಡಿದು, "ಅಳತೆ ಸರಿಯಾಗಿದೆ" ಎಂದ. ಅಷ್ಟರಲ್ಲಿ ಯಶೋದಮ್ಮ ಹಂಡೆ ಒಲೆಗೆ ಒಣಗಿದ ತೆಂಗಿನ ಗರಿ ತುರುಕಿದರು. ಅವರ ಬಚ್ಚಲು ನಮ್ಮ ಜಾಗಕ್ಕೆ ಅಂಟಿಕೊಂಡೇ ಇದೆ. ಹೊಗೆಗಂಡಿಯಿಂದ ಹೊಗೆ ಬಂತು, ಹಿಂದೆಯೇ ಕಿಡಿ. ಉರಿಯುವ ಗರಿಯ ಚೂರುಗಳು ತೇಲಿಕೊಂಡು ಬಂದು ಸುಣ್ಣದ ಸುತ್ತಿನೊಳಗೆ, ಎಂಜಿನಿಯರ ಬೂಟಿನ ಪಕ್ಕ ಬಿದ್ದವು.

"ಏನ್ರೀ ಇದು ಬೆಂಕಿ!"

"ನೀರು ಕಾಯಿಸ್ತಾವ್ರೆ ಸ್ವಾಮಿ" ಎಂದ ಚಿಕ್ಕಸಿದ್ದಯ್ಯ. "ನೀವು ನಿಂತಿರೋದು ಒಂದನೇ ಪಂಪು. ನೀವು ಬರ್ದಂಗೇ ಆಕಿದ್ದೀನಿ."

ಎಂಜಿನಿಯರು ಎರಡು ಹೆಜ್ಜೆ ಹಿಂದೆ ಹೋದ. "ಈ ಬೀದಿಯಲ್ಲಿ ಇನ್ನೆಷ್ಟು ಮನೆಗೆ ಇಂಥ ಒಲೆ ಇದೆ?"

"ಒಲೆ ಇಲ್ದಿರೋ ಮನೆ ಕೇಳಿ, ಉಡುಕ್ತೀನಿ."

ಆ ಹೊತ್ತಿಗೆ ಜನದ ಓಡಾಟ ಶುರುವಾಗಿತ್ತು. ಹಾಲಿನ ಕ್ಯಾನಿನವರು, ಸ್ಕೂಲಿನ ಹೆಣ್ಣುಮಕ್ಕಳು, ಹೂವಿನ ಬುಟ್ಟಿಯವರು. ಎಲ್ಲರೂ ಹಿಂದಿನಿಂದ ಬಂದು ತೆಂಕಣ ಗೆರೆ ತುಳಿದುಕೊಂಡು ಪೇಟೆಗೆ ಹೋದರು. ಎಂಜಿನಿಯರು ನಕ್ಷೆ ನೋಡಿದ, ಜನರನ್ನು ನೋಡಿದ.

"ಹಿಂದೆ ರಾಗಿ ಹೊಲ ಅಂತಿದೆಯಲ್ಲ, ಇವರೆಲ್ಲ ಹೊಲದಿಂದ ಬರ್ತಿದ್ದಾರಾ?"

ಉತ್ತರಕ್ಕೆ ಕಾಯದೆ ಅವನೇ ಹೆಜ್ಜೆ ಸವೆದ ಜಾಡು ಹಿಡಿದು ಹಿಂದಕ್ಕೆ ನಡೆದ. ನಾವೂ ನಡೆದೆವು. ಬಯಲು ಮುಗಿಯುತ್ತಲೇ ಟಾರು ರಸ್ತೆ. ತೆಂಗಿನಕಾಯಿ ತುಂಬಿದ ಲಾರಿಯೊಂದು ಹಾರನ್ನು ಹೊಡೆದುಕೊಂಡು ಹೋಯಿತು. ಎಂಜಿನಿಯರು ನನ್ನ ಕಡೆ ತಿರುಗಿದ.

"ಕೆಂಪಣ್ಣನವರೇ, ಇದು ರಾಗಿ ಹೊಲವೇನ್ರೀ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಚಿಕ್ಕಸಿದ್ದಯ್ಯ ಪಕ್ಕದಲ್ಲೇ ಇದ್ದ, ನನ್ನ ಮುಖ ನೋಡದೆ ರಸ್ತೆ ನೋಡುತ್ತಿದ್ದ.

"ರಸ್ತೆ ಸ್ವಾಮಿ" ಎಂದೆ. "ಎಂಟು ವರ್ಷದಿಂದ. ಗೊತ್ತಿದ್ದೇ ಯೋಳ್ನಿಲ್ಲ. ಪೇಟೆ ಕಡೀಕೇ ಬೇಕಿತ್ತು ನಂಗೆ."

"ಇದನ್ನು ಬರೆದುಕೊಂಡು ಹೋದರೆ ನಿಮ್ಮ ಮಂಜೂರಾತಿ ಇವತ್ತೇ ಮುಗೀತು, ಗೊತ್ತಾ?"

"ಗೊತ್ತು."

ಅವನು ರಸ್ತೆಯ ಅಂಚಿನವರೆಗೆ ಹೋಗಿ ವಾಪಸ್ಸು ಬಂದ. ಜಾಗ ನೋಡದೆ ನಕ್ಷೆ ಬರೆದದ್ದು ತಾನು ಎಂಬುದೂ ಅವನಿಗೆ ಗೊತ್ತಿತ್ತಲ್ಲ. ಕೊನೆಗೆ ಕೈಗಡಿಯಾರ ನೋಡಿಕೊಂಡು, "ಹನ್ನೆರಡರ ಒಳಗೆ ಸರಿಯಾದ ಗುರುತು ನೆಲದ ಮೇಲಿದ್ದರೆ ತಿದ್ದುಪಡಿ ಅಂತ ಬರೀತೀನಿ" ಎಂದ.

ಚಿಕ್ಕಸಿದ್ದಯ್ಯ ಡಬ್ಬಿ ಹಿಡಿದ. ನನ್ನ ಕಾಲಿನ ಪೆಟ್ಟಿಗೆ ಅದು ಒಂದು ಕಡೆ ಚಪ್ಪಟೆಯಾಗಿತ್ತು, ಸುಣ್ಣ ಬಿಟ್ಟು ಬಿಟ್ಟು ಬೀಳುತ್ತಿತ್ತು. ಪಂಪು ಮತ್ತು ಟ್ಯಾಂಕಿ ರಸ್ತೆ ಕಡೆಗೆ, ಒಲೆಗಳಿಂದ ದೂರ. ಲಾರಿ ರಸ್ತೆಯಿಂದ ಬಂದು ರಸ್ತೆಗೇ ಹೋಗಬೇಕು, ಪೇಟೆ ಬೀದಿಗೆ ಚಕ್ರ ಇಳಿಯಬಾರದು. ಅಜ್ಜನ ಮನೆಯೇ ಆಫೀಸು. ನಡೆಯುವವರ ದಾರಿಗೂ ಪಂಪಿಗೂ ನಡುವೆ ಎದೆಯುದ್ದದ ಕಲ್ಲುಗೋಡೆ. ಆ ಗೋಡೆಯ ಗೆರೆ ಎಳೆಯುವಾಗ ಮಧ್ಯದಲ್ಲಿ ಒಂದು ಕಡೆ ಬಿಲ್ಲಿನ ಹಾಗೆ ಬಗ್ಗಿಸಿದ.

"ಇಲ್ಯಾಕೆ ಸೊಟ್ಟ? ನೇರ ಹಾಕಿ" ಎಂದ ಎಂಜಿನಿಯರು.

"ಜನ ಇಲ್ಲಿ ಬಗ್ಗವ್ರೆ ಸ್ವಾಮಿ. ಯಾಕೆ ಅಂತ ನಂಗೂ ಗೊತ್ತಿಲ್ಲ. ನೇರ ಕಟ್ಟುದ್ರೆ ಇಲ್ಲೇ ಕೀಳ್ತಾರೆ."

ನನಗೆ ಗೊತ್ತಿತ್ತು. ಅಲ್ಲಿ ಒಂದು ಹುಣಸೆ ಮರ ಇತ್ತು. ನಮ್ಮಪ್ಪ ಅದರ ಬುಡಕ್ಕೆ ಎತ್ತು ಕಟ್ಟುತ್ತಿದ್ದ. ಮರ ಕಡಿದು ಇಪ್ಪತ್ತು ವರ್ಷವಾಗಿ, ಬೇರು ಕೂಡ ಕೊಳೆತುಹೋಗಿತ್ತು. ಆ ಮರವನ್ನೇ ನೋಡಿರದ ಸ್ಕೂಲು ಮಕ್ಕಳೂ ಅದನ್ನು ಬಳಸಿಕೊಂಡೇ ನಡೆಯುತ್ತಿದ್ದರು. ಅದನ್ನು ಹೇಳಿದೆ. ಎಂಜಿನಿಯರು ಮತ್ತೆ ನೇರ ಎನ್ನಲಿಲ್ಲ. ಹನ್ನೊಂದೂವರೆಗೆ ಸಹಿ ಹಾಕಿದ. ಯಶೋದಮ್ಮ ಅವನಿಗೆ ಕಾಫಿ ಕೊಟ್ಟರು. ಅದೇ ಒಲೆಯ ಕೆಂಡದಲ್ಲಿ ಕಾಯಿಸಿದ್ದು ಎಂದು ಹೇಳಿಯೇ ಕೊಟ್ಟರು.

ತೊಂಬತ್ತೈದರಲ್ಲಿ ಬಂಕು ಶುರುವಾಯಿತು. ಆ ದಿನ ಚಿಕ್ಕಸಿದ್ದಯ್ಯ ಬಂದು ಜಗಲಿಯ ಮೇಲೆ ಪೇಟೆಯವರ ಜೊತೆ ಕೂತು ಉಂಡ. ಹೊಸ ಡಬ್ಬಿಯೊಂದನ್ನು ತೂತು ಹೊಡೆಸಿ ಇಟ್ಟಿದ್ದೆ, ಕೊಟ್ಟೆ. ಅಲುಗಾಡಿಸಿ ನೋಡಿ, "ತೂತು ದೊಡ್ಡದಾಯ್ತು ಗೌಡ್ರೇ, ರಂಗೋಲಿಗೆ ಮಡಿಕಳಿ" ಎಂದು ವಾಪಸ್ಸು ಕೊಟ್ಟ. ಆಮೇಲೆ ತಾನೇ ಕಟ್ಟಿದ ಗೋಡೆಯ ಪಕ್ಕ ನಡೆದುಕೊಂಡು ಬಸ್ಸಿಗೆ ಹೋದ. ನನ್ನ ಬಂಕಿನಲ್ಲಿ ಅವನು ಇವತ್ತಿನವರೆಗೂ ಒಂದು ತೊಟ್ಟು ಪೆಟ್ರೋಲು ಹಾಕಿಸಿದವನಲ್ಲ.

ನಾಲ್ಕು ವರ್ಷವಾಯಿತು. ಗೋಡೆಯ ಒಂದು ಕಲ್ಲನ್ನೂ ಯಾರೂ ಕಿತ್ತಿಲ್ಲ. ಸಂತೆಯ ದಿನ ಮಂಚಮ್ಮ ಕುಕ್ಕೆಯನ್ನು ಜಗಲಿ ಮೇಲಿಳಿಸಿ ಕೂರುತ್ತಾಳೆ, ನನ್ನನ್ನು ಒಂದು ಮಾತು ಕೇಳುವುದಿಲ್ಲ. ಲಾರಿಯವರು ಮಾತ್ರ ಟ್ಯಾಂಕು ತುಂಬುವವರೆಗೆ ಗೋಡೆ ನೋಡುತ್ತ ನಿಂತು, ಯಾಕಣ್ಣ ಇಲ್ಲಿ ಸೊಟ್ಟ ಎನ್ನುತ್ತಾರೆ. ಹುಣಸೆ ಮರ ಇದೆ ಎನ್ನುತ್ತೇನೆ. ಎಲ್ಲಿ ಎಂದು ಕತ್ತೆತ್ತಿ ಹುಡುಕುತ್ತಾರೆ. ದಿನಕ್ಕೆ ಹತ್ತು ಸಲ ಇದನ್ನು ಹೇಳಿ ಹೇಳಿ ನನಗೆ ರೇಗುತ್ತದೆ.