ಸ್ಟೆಪ್ನಿ ಕೆಳಗಿನ ಸಪ್ಪಳ

ದಿನಾ ಮಾಳಮಡ್ಡಿಯಿಂದ ಹುಬ್ಬಳ್ಳಿ ಆಫೀಸಿಗೆ ಹೋಗೋ ನನ್ನ ಸಣ್ಣ ಕಾರು ವಿಮಾನದಂಗ ಸಪ್ಪಳಿಲ್ಲದ ತೇಲಬೇಕು ಅನ್ನೋದು ನನ್ನ ಹುಚ್ಚು. ಹೊಸಾ ಸ್ಪೀಕರ್ ಹಾಕಿಸಿದೆ, ಬಾಗಿಲದೊಳಗ ಸಪ್ಪಳ ತಡಿಯೋ ಶೀಟು ಅಂಟಿಸಿದೆ. ಆದ್ರ ಹಂಪ್ ಬಂದಾಗೊಮ್ಮೆ ಹಿಂದ ಗುಡುಗುಡು! ಶಾಕ್‌ಅಬ್ಸಾರ್ಬರ್ ಬದಲಿಸಿದ್ರೂ ಹೋಗಲಿಲ್ಲ.

ಉಣಕಲ್ಲಿನ ಮೆಕ್ಯಾನಿಕ್ ಬಾಬುಸಾಬರು ಹಿಂದಿನ ಸೀಟಿನ್ಯಾಗ ಅಡ್ಡಾಗಿ, "ಹಾಡು ಬಂದ್ ಮಾಡಿ ಮೆಲ್ಲಕ ಹೊಡೀರಿ ಸರ್" ಅಂದ್ರು. ಮೂರನೇ ಹಂಪಿಗೆ, "ಸಿಕ್ತು, ನಿಲ್ಲಸ್ರಿ!" ಅಂತ ಕೂಗಿ, ಡಿಕ್ಕಿ ತಗದು ಸ್ಟೆಪ್ನಿ ಎತ್ತಿದ್ರು. ಕೆಳಗ ಕುಂಕುಮ ಹಚ್ಚಿದ ಒಣಗಿದ ತೆಂಗಿನಕಾಯಿ!

"ಇದು ಯಾವ ಕಂಪನಿ ಪಾರ್ಟ್ ರೀ?"

"ದಸರಾದಾಗ ಖಂಡೇಪೂಜಿ ದಿನ ಗಾಡಿ ಪೂಜಿ ಮಾಡಿ ನಮ್ಮವ್ವ ಇಟ್ಟಿರಬೇಕು. ಒಗೀರಿ" ಅಂದೆ, ನಾಚಿಕೊಂಡು.

"ಛೇ ಛೇ! ಅವ್ವಾರು ಪೂಜಿ ಮಾಡಿ ಇಟ್ಟಿದ್ದನ್ನ ನಾ ಒಗಿಯಾಂಗಿಲ್ಲ ನೋಡ್ರಿ."

ಬಾಗಿಲಿಗೆ ಅಂಟಿಸಿ ಉಳಿದಿದ್ದ ಶೀಟಿನ್ಯಾಗ ಕಾಯಿ ಸುತ್ತಿ, ಟೇಪ್ ಬಿಗಿದು, ಅಲ್ಲೇ ಕೂಡ್ರಿಸಿದ್ರು. ವಾಪಸ್ ಬರೋವಾಗ ಹಂಪ್ ಹುಡುಕಿ ಹುಡುಕಿ ಹಾರಿಸಿದೆ. ಪಿಟ್ಟೆನ್ನಲಿಲ್ಲ! ಖುಷಿಗೆ ಆ ರಾತ್ರಿನೇ ಅವ್ವನ್ನ ಕೂಡ್ರಿಸಿಕೊಂಡು ಒಂದು ಸುತ್ತು ಹೊಡದೆ.

"ಹೆಂಗ ತಣ್ಣಗ ಓಡಾಕತ್ತೈತಿ ನೋಡು," ಅಂದ್ಲು ಅವ್ವ, "ಎಲ್ಲಾ ನಾ ಇಟ್ಟ ಕಾಯಿ ಪುಣ್ಯ."