ಪೋರ್ಷನ್‌ನಲ್ಲಿ ಇರಲಿಲ್ಲ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಸೀಳಿನ ಎರಡೂ ಬದಿ ಹಳದಿಗಟ್ಟಿ, ಗಟ್ಟಿಯಾಗಿ, ಮತ್ತೆ ಕೂಡುವ ಆಸೆ ಬಿಟ್ಟಂತಿದ್ದವು. ಚಾಕ್ ಮುರಿದು ಮುರಿದು ಹಾಗಾಯಿತು ಎನ್ನುತ್ತಿದ್ದರು. ಇಡೀ ಚಾಕ್ ಬೋರ್ಡಿನ ಮೇಲೆ ಕಿರುಗುಟ್ಟುತ್ತದೆ, ಅರ್ಧ ಮಾಡಿದರೆ ಸುಮ್ಮನಿರುತ್ತದೆ. ಬಾಗಿಲಿಗೆ ಸಿಕ್ಕಿ ಸೀಳಿದ್ದು ಎಂದು ಅವರ ಮಗಳು ಹೇಳುತ್ತಾಳೆ. ನಾನು ಚಾಕಿನ ಕತೆಯನ್ನೇ ಇಟ್ಟುಕೊಂಡಿದ್ದೇನೆ. ಅದು ಬರೆಯಲು ಚೆನ್ನಾಗಿದೆ. ಇಂಥ ಕಡೆಗಳಲ್ಲಿ ಓದುವವರು ನನ್ನನ್ನು ಸ್ವಲ್ಪ ಅನುಮಾನಿಸುವುದು ಒಳ್ಳೆಯದು.

ಲಾಸ್ ಏಂಜಲೀಸ್ ಬಳಿಯ ವಾಲ್‌ನಟ್ ಎಂಬ ಊರಿನಲ್ಲಿ ಅವರದು ನಮ್ಮ ಎದುರು ಮನೆ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತೈದು ವರ್ಷ ಚರಿತ್ರೆ ಕಲಿಸಿ, ನಿವೃತ್ತರಾಗಿ, ಪಸಡೀನಾದಲ್ಲಿ ಕೆಲಸ ಮಾಡುವ ಮಗಳ ಬಳಿ ಬಂದಿದ್ದರು. ನಾನು ಟೀಚರ್ ಆಂಟಿ ಎನ್ನುತ್ತಿದ್ದೆ. ಅವರಿಗೆ ಡ್ರೈವಿಂಗ್ ಬಾರದು. ನಮ್ಮ ಬೀದಿಯಲ್ಲಿ ಡ್ರೈವಿಂಗ್ ಬಾರದವರಿಗೆ ಲಾಕ್‌ಡೌನ್ ಎಂಬುದು ಹೊಸ ಸುದ್ದಿಯೇನಲ್ಲ.

ಶಾಲೆಗಳು ಸ್ಕ್ರೀನಿನೊಳಗೆ ಹೋದ ಆ ವರ್ಷ ಮೊಮ್ಮಗಳಿಗೆ ಡ್ರೈವ್‌ವೇ ಮೇಲೆ ಪಾಠ ಶುರುವಾಯಿತು: ಎರಡು ಮಹಾಯುದ್ಧಗಳ ನಡುವಿನ ಯುರೋಪು. ಮಕ್ಕಳು ರಂಗು ಬಳಿಯುವ ದಪ್ಪ ಚಾಕನ್ನೂ ಅವರು ಎರಡು ತುಂಡು ಮಾಡುತ್ತಿದ್ದರು. ಸರ್ವಾಧಿಕಾರಿಗಳ ಹೆಸರನ್ನು ಮಾತ್ರ ಬರೆಯುತ್ತಿರಲಿಲ್ಲ. ಇಟಲಿಯವನು, ಜರ್ಮನಿಯವನು, ಅಷ್ಟೇ. "ಆ ಹೆಸರುಗಳಿಗೆ ಸವೆಸಿದ ಚಾಕ್ ಸಾಕು" ಎನ್ನುತ್ತಿದ್ದರು.

ನಾನು ಗಿಡಕ್ಕೆ ನೀರು ಹಾಕುವ ನೆವದಲ್ಲಿ ಕೇಳುತ್ತಿದ್ದೆ.

"ಬಾಗಿಲು ಒಡ್ಕೊಂಡು ಬಂದ್ರು ಅಂತ ಬರೀಬೇಡ. ಇಟಲಿಯವನ ಜನ ಊರು ಮುತ್ತಿದ್ದು ನಿಜ. ಅವನು ಮಾತ್ರ ರೈಲಲ್ಲಿ ಮಲ್ಕೊಂಡು ಬಂದ, ರಾಜನೇ ಕರೆದಿದ್ದ. ಜರ್ಮನಿಯವನಿಗೆ ದೊಡ್ಡ ಮನುಷ್ಯರೇ ಕುರ್ಚಿ ಎಳೆದುಕೊಟ್ರು, ಸುತ್ತ ನಾವಿದ್ದೀವಿ, ಎಲ್ಲಿ ಹೋಗ್ತಾನೆ ಅಂತ."

"ನಾನಿ, ಬಟ್ ವೈ ಡಿಡ್ ಎವ್ರಿಬಡಿ ಲೆಟ್ ಹಿಮ್ ಸ್ಟೇ?" ಎಂದಳು ಮೊಮ್ಮಗಳು.

"ಪೇಪರ್ ಮುಚ್ಚಿಸಿದ್ರು, ಎದುರು ಮಾತಾಡಿದೋರನ್ನ ಒಳಗೆ ಹಾಕಿದ್ರು, ಹೊಡೆದ್ರು, ಕೊಂದ್ರು. ಅದು ಅರ್ಧ. ಇಟಲೀಲಿ ಪ್ರೊಫೆಸರುಗಳಿಗೆಲ್ಲ ಅವನ ಸರ್ಕಾರಕ್ಕೆ ನಿಷ್ಠರಾಗಿರ್ತೀವಿ ಅಂತ ಪ್ರಮಾಣ ಮಾಡಿ ಅಂದ್ರು. ಆಗಲ್ಲ ಅಂದೋರು ಬೆರಳೆಣಿಕೆ. ಉಳಿದೋರು ಕೆಟ್ಟೋರೇನಲ್ಲ. ಮನೇಲಿ ಮಕ್ಕಳಿದ್ರು, ಪೆನ್ಷನ್ ಹತ್ತಿರ ಬಂದಿತ್ತು. ಇನ್ನರ್ಧ ಅದು."

ಮರುವರ್ಷ ಮೈಸೂರಿನಲ್ಲಿದ್ದ ಅವರ ತಂಗಿ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗ್ರೀನ್ ಕಾರ್ಡಿನವರು ಹೋಗಿ ಹೆಚ್ಚು ದಿನ ಇದ್ದುಬಿಟ್ಟರೆ ವಾಪಸು ಬರುವುದು ಕಷ್ಟ. ಹೋಗದಿದ್ದರೆ ತಂಗಿ ಇಲ್ಲ. ಟೀಚರ್ ಆಂಟಿ ದಿನವಿಡೀ ಗ್ಯಾರೇಜಿನಿಂದ ಬೀದಿಗೆ, ಬೀದಿಯಿಂದ ಗ್ಯಾರೇಜಿಗೆ ನಡೆಯುತ್ತಿದ್ದರು. ಸಿಟಿಜನ್‌ಶಿಪ್ ಸಿಕ್ಕಿದರೆ ಎಷ್ಟು ದಿನ ಬೇಕಾದರೂ ಇದ್ದು ಬರಬಹುದಿತ್ತು. ಬೀದಿಯ ಹಿರಿಯರ ಫಾರ್ಮುಗಳನ್ನೆಲ್ಲ ತುಂಬುವವಳು ನಾನು. ಅಕ್ಷರ ದುಂಡಗಿದೆ ಎಂಬುದಷ್ಟೇ ನನ್ನ ಅರ್ಹತೆ.

ಗ್ಯಾರೇಜಿನ ಮೇಜಿನ ಮೇಲೆ ಪುಟ ಪುಟವಾಗಿ ತುಂಬುತ್ತ ಬಂದೆವು. ಒಂದು ಪ್ರಶ್ನೆಯ ಮೇಲೆ ಅವರ ಹೆಬ್ಬೆರಳು ನಿಂತಿತು. ಯಾವುದಾದರೂ ಸರ್ವಾಧಿಕಾರಿ ಪಕ್ಷದ ಸದಸ್ಯರಾಗಿದ್ದಿರಾ, ಅಥವಾ ಯಾವುದೇ ರೀತಿಯಲ್ಲಿ ಅದರೊಂದಿಗೆ ಸಂಬಂಧ ಇತ್ತೇ?

"ನೀವು ಯಾವ ಪಾರ್ಟೀನೂ ಸೇರಿಲ್ಲಲ್ರೀ ಆಂಟಿ. ನೋ ಹಾಕಿ ಮುಂದ ಹೋಗೂಣ್ರಿ."

"ಹುಬ್ಬಳ್ಳಿಯೋರು ಪರೀಕ್ಷೆ ಹೀಗೇನಾ ಬರೆಯೋದು, ಪ್ರಶ್ನೆ ಓದದೇ? 'ಯಾವುದೇ ರೀತಿಯಲ್ಲಿ' ಅಂತ ಇದೆ ನೋಡು."

ನಾನು ನಕ್ಕೆ. ಅವರು ನಗಲಿಲ್ಲ.

"ಎಮರ್ಜೆನ್ಸಿ ಟೈಮು. ಕೆಲಸಕ್ಕೆ ಸೇರಿ ಎರಡನೇ ವರ್ಷ ನಂಗೆ. ಇದೇ ಜರ್ಮನಿಯವನ ಪಾಠ ಮಾಡ್ತಿದ್ದೆ. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪನ್ನ ಆ ತಿಂಗಳು ಹಿಡ್ಕೊಂಡು ಹೋಗಿದ್ರು, ಕ್ಲಾಸಿಗೆಲ್ಲ ಗೊತ್ತು. 'ಮಿಸ್, ಒಳಗೆ ಹಾಕಿದೋರನ್ನ ಯಾವಾಗ ಬಿಟ್ರು?' ಅಂದಳು. 'ಅದು ಪೋರ್ಷನ್‌ನಲ್ಲಿ ಇಲ್ಲ, ಕೂತ್ಕೋ' ಅಂದೆ. ಪಾಠಾನೂ ಅಲ್ಲಿಗೇ ನಿಲ್ಲಿಸಿದೆ. ಆ ವರ್ಷ ಮುಗಿಸಲೇ ಇಲ್ಲ."

"ಹೆಡ್‌ಮಿಸ್ಟ್ರೆಸ್ ಬ್ಯಾಡ ಅಂದಿದ್ರೇನ್ರಿ?"

"ಯಾರೂ ಏನೂ ಹೇಳಿರಲಿಲ್ಲಮ್ಮಾ." ಉಗುರಿನ ಸೀಳನ್ನು ಇನ್ನೊಂದು ಬೆರಳಿನಿಂದ ಸವರಿದರು. "ಹೇಳಿದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಯೆಸ್ ಹಾಕು. ವಿವರ ನಾನು ಬರೆದುಕೊಡ್ತೀನಿ."

"ಆಂಟಿ, ಯೆಸ್ ಹಾಕಿದ್ರ ಲಾಯರು, ತಿಂಗಳುಗಟ್ಟಲೆ ತಡ. ಒಮ್ಮೊಮ್ಮೆ ರಿಜೆಕ್ಟೂ ಆಗ್ತದ್ರಿ. ಅಲ್ಲಿ ನಿಮ್ಮ ತಂಗಿ..."

"ಗೊತ್ತು" ಎಂದು ಎದ್ದರು. ಇಳಿಮಧ್ಯಾಹ್ನದ ಅಸರ್ ನಮಾಜಿಗೆ ಹೊತ್ತಾಗಿತ್ತು. ಒಳಗೆ ಹೋದರು.

ಗ್ಯಾರೇಜಿನಲ್ಲಿ ಸೆಕೆ. ಅರ್ಧ ಎತ್ತಿದ ಶಟರಿನ ಕೆಳಗಿಂದ ಬಿಸಿಲು ಮೇಜಿನ ಕಾಲಿನ ತನಕ ಬಂದಿತ್ತು. ನಾನು ನೋ ಎಂಬ ಚೌಕದಲ್ಲಿ ಗುರುತು ಹಾಕಿ ಪುಟ ತಿರುವಿದೆ. ಯಾರೂ ನನಗೆ ಹೇಳಿರಲಿಲ್ಲ.

ಅವರು ವಾಪಸು ಬಂದು ಸಹಿ ಮಾಡಿದ್ದು ನನಗೆ ಎರಡು ಥರ ನೆನಪಿದೆ. ಒಂದರಲ್ಲಿ ಕನ್ನಡಕವನ್ನು ಒಳಗೇ ಬಿಟ್ಟು ಬಂದಿದ್ದರು. ನಾನು ತೋರಿಸಿದ ಕಡೆ ಸಹಿ ಹಾಕಿದರು. ಇನ್ನೊಂದರಲ್ಲಿ ಒಂದೊಂದೇ ಪುಟ ತಿರುವಿ, ಆ ಚೌಕದ ಪಕ್ಕ ಹೆಬ್ಬೆರಳಿಟ್ಟು, ನನ್ನನ್ನು ನೋಡಿ, ಆಮೇಲೆ ಸಹಿ ಹಾಕಿದರು. ಮೊದಲನೆಯದರಲ್ಲಿ ನಾನೊಬ್ಬಳೇ ತಪ್ಪಿತಸ್ಥೆ. ಎರಡನೆಯದರಲ್ಲಿ ಇಬ್ಬರೂ. ಬೇಸರವಾದ ದಿನಗಳಲ್ಲಿ ನನಗೆ ಎರಡನೆಯದೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಸಂದರ್ಶನಕ್ಕೆ ಲಾಸ್ ಏಂಜಲೀಸಿಗೆ ನಾನೇ ಡ್ರೈವ್ ಮಾಡಿದೆ. ಜೊತೆಯವರನ್ನು ಒಳಗೆ ಬಿಡುವ ಕಾಲ ಅದಲ್ಲ. ಪಾರ್ಕಿಂಗಿನ ಮೂರನೇ ಅಂತಸ್ತಿನಲ್ಲಿ ಕಾರಿನೊಳಗೆ ಕೂತು ಕಾದೆ. ಬರೆದ ಉತ್ತರಗಳನ್ನು ಅಧಿಕಾರಿ ಮತ್ತೊಮ್ಮೆ ಬಾಯಿಬಿಟ್ಟು ಕೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರು ಬಂದು, ಮಾಸ್ಕ್ ತೆಗೆದು, ಬೆಲ್ಟ್ ಹಾಕಿಕೊಂಡರು.

"ಪಾಸು."

"ಆ ಪ್ರಶ್ನೆ ಕೇಳಿದ್ರೇನ್ರಿ ಆಂಟಿ?"

"ಎಲ್ಲಾ ಪೋರ್ಷನ್‌ನಲ್ಲಿ ಇದ್ದದ್ದೇ ಕೇಳಿದ್ರು."



ಕಾಗದಗಳೆಲ್ಲ ಕೈಸೇರಿದ ವಾರವೇ ಮೈಸೂರಿಗೆ ಹೊರಟರು. ತಂಗಿಗೆ ನಾಲ್ಕು ತಿಂಗಳು ತಮ್ಮ ಕೈಯಾರೆ ಗಂಜಿ ಕುಡಿಸಿದರು, ಕೊನೆಗೆ ಮಣ್ಣೂ ಕೊಟ್ಟರು. ಟಿಕೆಟ್ ಬುಕ್ ಮಾಡಿಕೊಂಡು ವಾಪಸು ಬರುವುದರಲ್ಲಿದ್ದವರು ಅಲ್ಲೇ, ಒಂದು ಮಧ್ಯಾಹ್ನ, ಎದೆ ಹಿಡಿದುಕೊಂಡು ಕೂತರಂತೆ. ಆಮೇಲೆ ಏಳಲಿಲ್ಲ. ಮೊಮ್ಮಗಳು ನಮ್ಮ ಬಾಗಿಲಿಗೆ ಬಂದು ಹೇಳಿದಳು. ಹೇಳಿಯಾದ ಮೇಲೂ ನಿಂತೇ ಇದ್ದಳು. "ಆಂಟಿ, ಡಿಡ್ ಶೀ ಎವರ್ ಟೆಲ್ ಯೂ ವಾಟ್ ಹ್ಯಾಪನ್ಡ್ ಟು ದಟ್ ಗರ್ಲ್?"

ಮೂರನೇ ಬೆಂಚಿನ ಆ ಹುಡುಗಿಯ ಕತೆಯನ್ನು ಅವರು ಇವಳಿಗೂ ಹೇಳಿದ್ದರು ಎಂದು ನನಗೆ ಆಗಲೇ ತಿಳಿದದ್ದು. "ಇಲ್ಲಮ್ಮಾ" ಎಂದೆ. ನಾನು ಕೇಳಿಯೇ ಇರಲಿಲ್ಲ.

ಈ ವರ್ಷ ನನ್ನದೇ ಸಿಟಿಜನ್‌ಶಿಪ್ ಫಾರ್ಮು. ಬೀದಿಯವರದ್ದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟವಳು ನಾನು. ನನ್ನದು ಮೂರು ವಾರದಿಂದ ಊಟದ ಮೇಜಿನ ಮೇಲೆ, ಅದೇ ಪ್ರಶ್ನೆಯ ಪುಟಕ್ಕೆ ತೆರೆದು ಬಿದ್ದಿದೆ.